ಪರದೆಯ ತಳಕ್ಕೆ ಇಳಿದ ಮಾತು

ಕಳೆದ ಸಂಚಿಕೆಯಲ್ಲಿ ಕಚೇರಿಯ ಪತ್ರವ್ಯವಹಾರವನ್ನು ಕುರಿತು ಬರೆದುದನ್ನು ಓದಿದ ಕೆಲವರು, ‘ಈಗ ಪತ್ರ ಬರೆಯುವವರು ಯಾರು? ಎಲ್ಲವೂ ಪರದೆಯ ಮೇಲೆಯೇ ನಡೆಯುತ್ತದೆ. ಅದನ್ನು ಕುರಿತು ಏಕೆ ಬರೆಯಬಾರದು?’ ಎಂದು ಕೇಳಿದ್ದಾರೆ. ಅವರ ಮಾತು ನಿಜ. ಬ್ಯಾಂಕು, ಆಸ್ಪತ್ರೆ, ಕಾಲೇಜು, ಕಾರ್ಖಾನೆ, ಜಿಲ್ಲಾ ಪಂಚಾಯಿತಿ, ಹೀಗೆ ಎಲ್ಲೆಲ್ಲಿ ನಾಲ್ಕು ಜನ ಕೂಡಿ ಒಂದು ವಿಷಯವನ್ನು ನಿರ್ಧರಿಸಬೇಕಾಗಿದೆಯೋ ಅಲ್ಲೆಲ್ಲ ಇಂದು ಗೋಡೆಯ ಮೇಲೊಂದು ಬಿಳಿಯ ಪರದೆ, ಅದರ ಮೇಲೊಂದು ‘ಪಿಪಿಟಿ’ ಇದ್ದೇ ಇರುತ್ತದೆ. ನಮ್ಮ ಮನೆಗಳ ಮಕ್ಕಳಲ್ಲಿ ಎಷ್ಟೋ ಜನರಿಗೆ ಕೆಲಸಕ್ಕೆ ಸೇರಿದ ಕೆಲವೇ ದಿನಗಳಲ್ಲಿ ಈ ಹೊಣೆ ಹೆಗಲೇರುತ್ತದೆ. ಸ್ಲೈಡಿಗೆ ಬಣ್ಣ ಹಚ್ಚುವುದನ್ನು, ಅಕ್ಷರಗಳನ್ನು ಹಾರಿಸಿ ತರುವುದನ್ನು ಕಲಿಸುವವರು ಬಹಳ ಜನ ಇದ್ದಾರೆ. ಅದರ ಮೇಲೆ ಏನು ಬರೆಯಬೇಕು, ಏನನ್ನು ಬಿಡಬೇಕು ಎಂಬುದನ್ನು ಕಲಿಸುವವರು ವಿರಳ.

ನನಗೆ ಈ ವಿಷಯವನ್ನು ಮತ್ತೊಮ್ಮೆ ಚಿಂತಿಸುವಂತೆ ಮಾಡಿದವಳು ನನ್ನ ಅಣ್ಣನ ಮಗಳು. ಡೇರಿ ವಿಜ್ಞಾನದಲ್ಲಿ ಪದವಿ ಪಡೆದ ಅವಳು ಹಾಲಿನ ಸಹಕಾರ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷಗಳಾದವು. ಒಂದು ಭಾನುವಾರ ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

“ಕಾಕಾ, ನಾಳೆ ಆಡಳಿತ ಮಂಡಳಿ ಮೀಟಿಂಗ್ ಐತ್ರಿ. ಹತ್ತು ನಿಮಿಷ ಕೊಟ್ಟಾರ. ಇದನ್ನ ಒಂದೀಟು ನೋಡಿ ಕೊಡ್ರಿ.”

ಒಟ್ಟು ಇಪ್ಪತ್ತೆರಡು ಸ್ಲೈಡುಗಳಿದ್ದವು. ಹತ್ತು ನಿಮಿಷಕ್ಕೆ ಇಪ್ಪತ್ತೆರಡು! ಮೊದಲನೆಯದರಲ್ಲಿ ಸಂಸ್ಥೆಯ ಲಾಂಛನ, ಎರಡನೆಯದರಲ್ಲಿ ಸ್ವಾಗತ, ಮೂರನೆಯದರಲ್ಲಿ ವಿಷಯಸೂಚಿ, ನಾಲ್ಕರಿಂದ ಎಂಟರವರೆಗೆ ಸಂಸ್ಥೆ ನಡೆದುಬಂದ ದಾರಿ. ಆಡಳಿತ ಮಂಡಳಿಯ ಸದಸ್ಯರಿಗೆ ಅವರದೇ ಸಂಸ್ಥೆಯ ಚರಿತ್ರೆಯನ್ನು ಹೇಳಹೊರಟಿದ್ದಳು. ಹದಿನಾಲ್ಕನೆಯ ಸ್ಲೈಡಿನ ತಲೆಬರಹ ‘ಶೀತಲೀಕರಣ ವ್ಯವಸ್ಥೆಯ ಸ್ಥಿತಿಗತಿ’ ಎಂದಿತ್ತು. ಅದರ ಕೆಳಗೆ ಹನ್ನೊಂದು ಸಾಲು. ಒಂಬತ್ತನೆಯ ಸಾಲು, ಅದೂ ಒಂದು ಉಪಸಾಲಿನ ಕೆಳಗಣ ಮತ್ತೊಂದು ಉಪಸಾಲಾಗಿ, ಸಣ್ಣ ಅಕ್ಷರಗಳಲ್ಲಿ ಹೀಗಿತ್ತು: ‘ಬೇಸಿಗೆಯಲ್ಲಿ ಮೂರು ಗ್ರಾಮಗಳ ಸಂಜೆ ಹಾಲಿನಲ್ಲಿ ಗಣನೀಯ ಪ್ರಮಾಣದ ಗುಣಮಟ್ಟ ವ್ಯತ್ಯಯ ಕಂಡುಬಂದಿರುತ್ತದೆ.’

“ಏನವ್ವಾ ಇದು? ವ್ಯತ್ಯಯ ಅಂದ್ರ ಏನು?” ಎಂದೆ.

“ಹಾಲು ಒಡದು ಹೋಗ್ತದ್ರಿ ಕಾಕಾ” ಎಂದಳು.

ಮುಂದಿನ ಕಥೆಯನ್ನು ಅವಳು ಬಾಯಿಂದಲೇ ಹೇಳಿದಳು. ಹಸು ಎಮ್ಮೆಗಳ ಕೆಚ್ಚಲಿನಿಂದ ಬಂದ ಹಾಲು ಹೆಚ್ಚುಕಡಿಮೆ ನಮ್ಮ ಮೈಯಷ್ಟೇ ಬೆಚ್ಚಗಿರುತ್ತದೆ. ಅದನ್ನು ಬೇಗನೆ ನಾಲ್ಕು ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಮಾತ್ರ ಅದರಲ್ಲಿರುವ ಸೂಕ್ಷ್ಮಜೀವಿಗಳು ಹೆಚ್ಚದೆ ನಿಲ್ಲುತ್ತವೆ. ಆ ಮೂರು ಹಳ್ಳಿಗಳಲ್ಲಿ ತಂಪು ಮಾಡುವ ಯಂತ್ರವಿಲ್ಲ. ಸಂಜೆ ಕ್ಯಾನುಗಳಲ್ಲಿ ತುಂಬಿದ ಹಾಲು ವಾಹನಕ್ಕಾಗಿ ಕಾಯುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಹಾಗೆ ಕಾದ ಹಾಲು ಶೀತಲೀಕರಣ ಕೇಂದ್ರವನ್ನು ಮುಟ್ಟಿ, ಅಲ್ಲಿ ಕುದಿಸಿ ನೋಡುವ ಪರೀಕ್ಷೆಯಲ್ಲಿ ಒಡೆಯುತ್ತದೆ, ಮರಳಿ ಬರುತ್ತದೆ. ಎರಡೋ ಮೂರೋ ಎಮ್ಮೆ ಕಟ್ಟಿಕೊಂಡು ಮಕ್ಕಳ ಶಾಲೆಯ ಖರ್ಚು ತೂಗಿಸುವ ಹೆಣ್ಣುಮಕ್ಕಳಿಗೆ ಅಂದಿನ ಸಂಜೆಯ ದುಡ್ಡು ಇಲ್ಲ. ಕೆಲವರು ಸಂಘಕ್ಕೆ ಹಾಲು ಹಾಕುವುದನ್ನೇ ಬಿಟ್ಟಿದ್ದಾರೆ. ಮೂರೂ ಹಳ್ಳಿಗಳ ನಡುವೆ ಒಂದು ಬಲ್ಕ್ ಕೂಲರ್ ಹಾಕಿದರೆ ಸಾಕು. ಅವಳು ಕೇಳಬೇಕಾಗಿದ್ದುದು ಇಷ್ಟೇ. ಬಾಯಿಯಲ್ಲಿ ಎರಡೇ ನಿಮಿಷದಲ್ಲಿ ಹೇಳಿದ್ದು, ಇಪ್ಪತ್ತೆರಡು ಸ್ಲೈಡುಗಳಲ್ಲಿ ಎಲ್ಲಿಯೂ ಕಾಣುವಂತಿರಲಿಲ್ಲ.

ಆ ಒಂಬತ್ತನೆಯ ಸಾಲನ್ನು ಓದಿದಾಗ ನನಗೆ ನೆನಪಾದುದು 2003ರ ಒಂದು ಸ್ಲೈಡು. ಹಾಲಿಗೂ ಅಂತರಿಕ್ಷಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿರಿ.

ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರನ್ನು ಮರೆತವರಿಲ್ಲ. ಅವರೂ ಸೇರಿ ಏಳು ಜನರಿದ್ದ ‘ಕೊಲಂಬಿಯಾ’ ನೌಕೆ 2003ರ ಜನವರಿ 16ರಂದು ಅಮೆರಿಕದಿಂದ ಮೇಲೇರಿತು. ಏರಿದ ಸುಮಾರು 82 ಸೆಕೆಂಡುಗಳಲ್ಲಿ, ಹೊರಗಿನ ದೊಡ್ಡ ಇಂಧನ ತೊಟ್ಟಿಗೆ ಹೊದಿಸಿದ್ದ ನೊರೆಯಂತಹ ಹಗುರ ವಸ್ತುವಿನ ತುಂಡೊಂದು ಕಳಚಿ ನೌಕೆಯ ಎಡರೆಕ್ಕೆಗೆ ಬಡಿಯಿತು. ಮರುದಿನ ಚಲನಚಿತ್ರದ ಸುರುಳಿಗಳನ್ನು ನೋಡಿದಾಗ ಅದು ಎಂಜಿನಿಯರರ ಕಣ್ಣಿಗೆ ಬಿದ್ದಿತು. ನೌಕೆ ಇನ್ನೂ ಎರಡು ವಾರ ಕಕ್ಷೆಯಲ್ಲಿರಬೇಕಿತ್ತು. ರೆಕ್ಕೆಗೆ ಎಷ್ಟು ಪೆಟ್ಟಾಗಿದೆ, ಮರಳಿ ಬರುವಾಗ ಉರಿಯುವ ಗಾಳಿಯ ತಾಪವನ್ನು ಅದು ತಡೆದೀತೇ ಎಂಬುದನ್ನು ಲೆಕ್ಕ ಹಾಕಿ, ಬೋಯಿಂಗ್ ಸಂಸ್ಥೆಯ ತಂತ್ರಜ್ಞರು ನಾಸಾದ ಅಧಿಕಾರಿಗಳಿಗೆ ಸ್ಲೈಡುಗಳ ಮೂಲಕವೇ ವರದಿ ಒಪ್ಪಿಸಿದರು.

ಅವುಗಳಲ್ಲಿ ಒಂದು ಸ್ಲೈಡು ಈಗ ಲೋಕಪ್ರಸಿದ್ಧವಾಗಿದೆ. ಅದರ ತಲೆಬರಹವನ್ನು ಓದಿದವರಿಗೆ, ಹಿಂದಿನ ಪ್ರಯೋಗಗಳ ಮಾಹಿತಿಯನ್ನು ಪರಿಶೀಲಿಸಲಾಗಿ ತಮ್ಮ ಲೆಕ್ಕ ಸುರಕ್ಷತೆಯ ಕಡೆಗೇ ವಾಲಿದೆ ಎಂಬ ಭಾವನೆ ಬರುವಂತಿತ್ತು. ಮನಸ್ಸಿಗೆ ನೆಮ್ಮದಿ. ಅದರ ಕೆಳಗೆ ದೊಡ್ಡ ಚುಕ್ಕೆ, ಸಣ್ಣ ಗೆರೆ, ಇನ್ನೂ ಸಣ್ಣ ಚುಕ್ಕೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಸಾಲುಗಳು ಇಳಿಯುತ್ತ ಹೋಗುತ್ತವೆ. ‘ಗಣನೀಯ’ ಎಂಬರ್ಥದ ಇಂಗ್ಲಿಷ್ ಶಬ್ದ ಆ ಒಂದೇ ಪುಟದಲ್ಲಿ ಐದು ಸಲ, ಬೇರೆ ಬೇರೆ ಅರ್ಥಗಳಲ್ಲಿ ಬಂದಿದೆ. ಎಲ್ಲಕ್ಕಿಂತ ಕೆಳಗೆ, ಕಣ್ಣು ದಣಿದು ಬಿಟ್ಟುಬಿಡುವ ಜಾಗದಲ್ಲಿ, ನಿಜವಾದ ಸುದ್ದಿ ಕುಳಿತಿದೆ: ಪ್ರಯೋಗದಲ್ಲಿ ಬಳಸಿದ ತುಂಡಿನ ಗಾತ್ರ 3 ಘನ ಅಂಗುಲ, ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕಾದುದು 1920 ಘನ ಅಂಗುಲ.

ನಮ್ಮ ಅಡುಗೆಮನೆಯ ಅಳತೆಯಲ್ಲಿ ಹೇಳುವುದಾದರೆ, ಪ್ರಯೋಗ ಮಾಡಿದ್ದು ನಿಂಬೆಹಣ್ಣಿನಷ್ಟು ತುಂಡಿನಿಂದ. ಪುಟದಲ್ಲಿದ್ದ ಅಳತೆ 15 ಲೀಟರಿನ ಎರಡು ಎಣ್ಣೆಡಬ್ಬಿಗಳಷ್ಟು. 640 ಪಟ್ಟು ವ್ಯತ್ಯಾಸ. ಅಂದರೆ, ‘ನಮ್ಮ ಹಳೆಯ ಪ್ರಯೋಗಗಳಿಂದ ಈ ಪೆಟ್ಟಿನ ವಿಷಯದಲ್ಲಿ ಏನನ್ನೂ ಹೇಳಲು ಬರುವುದಿಲ್ಲ’ ಎಂಬುದು ಆ ಪುಟದ ನಿಜವಾದ ಸಾರ. ತಲೆಯಲ್ಲಿರಬೇಕಾದ ಮಾತು ಕಾಲಬುಡದಲ್ಲಿತ್ತು. ತಲೆಯಲ್ಲಿದ್ದ ಮಾತು ಅದಕ್ಕೆ ವಿರುದ್ಧವಾಗಿತ್ತು.

ಫೆಬ್ರವರಿ 1ರಂದು ಮರಳಿ ಬರುವಾಗ ನೌಕೆ ಟೆಕ್ಸಾಸ್ ರಾಜ್ಯದ ಮೇಲೆ ಆಕಾಶದಲ್ಲಿಯೇ ಒಡೆದುಹೋಯಿತು. ಏಳು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಬಳಿಕ ಜುಲೈ ತಿಂಗಳಿನಲ್ಲಿ ಅಂಥದೇ ನೊರೆಯ ತುಂಡನ್ನು ರೆಕ್ಕೆಯ ಅಂಚಿನ ಫಲಕಕ್ಕೆ ಹಾರಿಸಿ ನೋಡಿದಾಗ ಅದರಲ್ಲಿ ಒಂದಡಿಗಿಂತ ದೊಡ್ಡ ತೂತು ಬಿದ್ದಿತು.

ಒಂದು ಸ್ಲೈಡಿನಿಂದಲೇ ಈ ದುರಂತ ಸಂಭವಿಸಿತೆಂದು ಹೇಳಿದರೆ ಅನ್ಯಾಯವಾದೀತು. ಕಕ್ಷೆಯಲ್ಲಿದ್ದ ನೌಕೆಯ ಚಿತ್ರಗಳನ್ನು ತೆಗೆಸಿರೆಂದು ಕೆಲವು ಎಂಜಿನಿಯರರು ಕೇಳಿಕೊಂಡಿದ್ದರು, ಅದು ನಡೆಯಲಿಲ್ಲ. ಮೇಲಿನವರು ಕೆಳಗಿನವರ ಸಂಶಯಕ್ಕೆ ಕಿವಿಗೊಡದ ಪದ್ಧತಿಯನ್ನು ತನಿಖಾ ಮಂಡಳಿ ಕಟುವಾಗಿಯೇ ಟೀಕಿಸಿತು. ಆದರೆ 2003ರ ಆಗಸ್ಟಿನಲ್ಲಿ ಹೊರಬಂದ ಅದೇ ಮಂಡಳಿಯ ವರದಿ, ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಟಫ್ಟೆ ಎಂಬ ವಿದ್ವಾಂಸರು ಮಾಡಿದ ಈ ಸ್ಲೈಡಿನ ವಿಮರ್ಶೆಗೆ ತನ್ನ ಪುಟಗಳಲ್ಲಿ ಜಾಗ ಕೊಟ್ಟಿತು. ತಾಂತ್ರಿಕ ವರದಿಗಳನ್ನು ಬರೆಯುವುದಕ್ಕೆ ಬದಲಾಗಿ ಸ್ಲೈಡುಗಳಲ್ಲಿಯೇ ಕೆಲಸ ಮುಗಿಸುವ ಅಭ್ಯಾಸವನ್ನೂ ಅದು ದೋಷವೆಂದು ಎತ್ತಿ ತೋರಿಸಿತು. ವಿಮಾನ ಅಪಘಾತದ ತನಿಖೆಯಂಥ ವರದಿಯಲ್ಲಿ ಒಂದು ಪುಟದ ಅಕ್ಷರವಿನ್ಯಾಸ ಚರ್ಚೆಗೆ ಬರುವುದು ಸಾಮಾನ್ಯ ಸಂಗತಿಯಲ್ಲ.

ಬುದ್ಧಿವಂತರು ಹೀಗೇಕೆ ಮಾಡುತ್ತಾರೆ? ಅರ್ಧ ಕಾರಣ ನಾವು, ಅರ್ಧ ಕಾರಣ ಆ ಉಪಕರಣ. ಪವರ್‌ಪಾಯಿಂಟ್ ಎಂಬುದು 1987ರಲ್ಲಿ ಮೆಕಿಂಟೋಷ್ ಗಣಕಕ್ಕೆಂದು ಹೊರಬಂದಿತು. ರಾಬರ್ಟ್ ಗ್ಯಾಸ್ಕಿನ್ಸ್, ಡೆನಿಸ್ ಆಸ್ಟಿನ್ ಮೊದಲಾದವರು ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ಅದನ್ನು ರೂಪಿಸಿದರು. ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನು 1 ಕೋಟಿ 40 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಮೊದಲ ಆವೃತ್ತಿಯಲ್ಲಿ ಬಣ್ಣವೂ ಇರಲಿಲ್ಲ. ತರಬೇತಿ ಕೇಂದ್ರಗಳಲ್ಲಿ ಕೆಲವರು ಕಂಡಿರಬಹುದಾದ, ದೀಪದ ಪೆಟ್ಟಿಗೆಯ ಮೇಲಿಟ್ಟು ತೋರಿಸುವ ಪಾರದರ್ಶಕ ಹಾಳೆಗಳನ್ನು ಸಿದ್ಧಪಡಿಸಲು ಅದು ನೆರವಾಗುತ್ತಿತ್ತು. ಇಂದು ಹೊಸ ಸ್ಲೈಡು ತೆರೆದರೆ ನಿಮಗೆ ಕಾಣುವುದು ಎರಡು ಖಾಲಿ ಪೆಟ್ಟಿಗೆಗಳು: ಮೇಲೆ ತಲೆಬರಹಕ್ಕೆ ಒಂದು, ಕೆಳಗೆ ಚುಕ್ಕೆಸಾಲುಗಳಿಗೆ ಒಂದು. ಖಾಲಿ ಪೆಟ್ಟಿಗೆ ಕಂಡರೆ ತುಂಬುವುದು ಮನುಷ್ಯಸ್ವಭಾವ. ಮೇಲೆ ‘ಸ್ಥಿತಿಗತಿ’ ಎಂದು ಬರೆದು ಕೆಳಗೆ ನೆನಪಿಗೆ ಬಂದುದನ್ನೆಲ್ಲ ಸುರಿಯುತ್ತೇವೆ. ಅಕ್ಷರಗಳು ಹಿಡಿಸದಿದ್ದರೆ ಯಂತ್ರವೇ ಅವುಗಳನ್ನು ಕಿರಿದು ಮಾಡಿ ಕೊಡುತ್ತದೆ. ಇದಕ್ಕಿಂತ ದೊಡ್ಡ ಅಪಕಾರವನ್ನು ಅದು ಮಾಡಲಾರದು!

ನಮ್ಮ ಹುಡುಗಿಯ ಸ್ಲೈಡಿಗೆ ಮರಳೋಣ. ನಾನು ಅವಳಿಗೆ ಮೊದಲು ಹೇಳಿದುದು ಲ್ಯಾಪ್‌ಟಾಪ್ ಮುಚ್ಚಲು. ಒಂದು ಹಾಳೆ ಕೊಟ್ಟು, ಸಭೆ ಮುಗಿದ ಮೇಲೆ ಸದಸ್ಯರು ಬಾಗಿಲು ದಾಟುವಾಗ ಅವರ ಮನಸ್ಸಿನಲ್ಲಿ ಇರಬೇಕಾದ ಒಂದೇ ವಾಕ್ಯವನ್ನು ಬರೆಯೆಂದೆ. ಅರ್ಧ ತಾಸು ಹೊಡೆದುಹಾಕಿ, ತಿದ್ದಿ, ಅವಳು ಬರೆದಳು: ‘ಬೇಸಿಗೆಯಲ್ಲಿ ಈ ಮೂರು ಹಳ್ಳಿಗಳ ಸಂಜೆಯ ಹಾಲು ದಾರಿಯಲ್ಲಿಯೇ ಒಡೆಯುತ್ತಿದೆ; ಒಂದು ಕೂಲರ್ ಇದನ್ನು ತಡೆಯಬಲ್ಲದು.’ ಅದೇ ಮೊದಲ ಸ್ಲೈಡಿನ ತಲೆಬರಹವಾಯಿತು.

‘ಸ್ಥಿತಿಗತಿ’, ‘ಅವಲೋಕನ’, ‘ಪ್ರಗತಿ ವಿವರ’ ಎಂಬಂಥವು ಕಡತದ ಬೆನ್ನಿಗೆ ಅಂಟಿಸುವ ಚೀಟಿಗಳು. ಅವು ಏನನ್ನೂ ಹೇಳುವುದಿಲ್ಲ. ತಲೆಬರಹ ಕ್ರಿಯಾಪದವಿರುವ ಪೂರ್ಣವಾಕ್ಯವಾಗಿರಲಿ. ಅದರ ಕೆಳಗೆ ಆ ವಾಕ್ಯ ನಿಜವೆಂಬುದಕ್ಕೆ ಒಂದು ಸಾಕ್ಷಿ ಇರಲಿ, ಅದು ಚಿತ್ರವಾಗಲಿ, ನಕ್ಷೆಯಾಗಲಿ, ಅಂಕಿಯಾಗಲಿ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರರಿಗೆ ಬರವಣಿಗೆ ಕಲಿಸಿದ ಮೈಕೆಲ್ ಆಲಿಯವರು ಬಹುಕಾಲದಿಂದ ಪ್ರತಿಪಾದಿಸುತ್ತ ಬಂದ ಪದ್ಧತಿಯಿದು. ಇದರ ದೊಡ್ಡ ಲಾಭ ಕೇಳುವವರಿಗಲ್ಲ, ಮಾಡುವವರಿಗೆ. ವಾಕ್ಯ ಬರೆಯಲು ಹೊರಟಾಗಲೇ ತನಗೆ ಹೇಳಲು ಏನೂ ಇಲ್ಲವೆಂಬುದು ಎಷ್ಟೋ ಸಲ ಗೊತ್ತಾಗುತ್ತದೆ. ಆಗ ಆ ಸ್ಲೈಡನ್ನು ಕಿತ್ತುಹಾಕಬಹುದು. ಅವಳ ಇಪ್ಪತ್ತೆರಡರಲ್ಲಿ ಹದಿನೇಳು ಹೀಗೆಯೇ ಹೋದವು.

ಸಾಕ್ಷಿಯ ವಿಷಯದಲ್ಲಿಯೂ ಒಂದು ಮಾತು. ಅವಳು ಹನ್ನೆರಡು ತಿಂಗಳ ಅಂಕಿಗಳನ್ನು ದುಂಡು ನಕ್ಷೆಯಲ್ಲಿ, ಹನ್ನೆರಡು ಬಣ್ಣಗಳ ಹೋಳುಗಳಾಗಿ ತೋರಿಸಿದ್ದಳು. ಯಾವ ಹೋಳು ಯಾವ ತಿಂಗಳಿನದೆಂದು ತಿಳಿಯಲು ಪಕ್ಕದ ಪಟ್ಟಿಗೂ ನಕ್ಷೆಗೂ ಕಣ್ಣು ಓಡಾಡಬೇಕಿತ್ತು. ಕಾಲ ಸರಿದಂತೆ ಆಗುವ ಏರಿಳಿತಕ್ಕೆ ಒಂದು ಸರಳ ಗೆರೆಯೇ ಸರಿ. ಮಾರ್ಚ್‌ವರೆಗೆ ಮಲಗಿದ್ದು, ಏಪ್ರಿಲಿನಲ್ಲಿ ಎದ್ದುನಿಂತು, ಮಳೆ ಬಿದ್ದೊಡನೆ ಇಳಿಯುವ ಗೆರೆಯನ್ನು ಕಂಡವರಿಗೆ ವಿವರಣೆ ಬೇಕಿಲ್ಲ. ಊರು ಊರುಗಳನ್ನು ಹೋಲಿಸುವಾಗ ಅಡ್ಡಡ್ಡ ಪಟ್ಟಿಗಳು ಮೇಲು. ನಮ್ಮ ಊರುಗಳ ಹೆಸರುಗಳು ಉದ್ದ, ನಿಂತ ಪಟ್ಟಿಗಳ ಕೆಳಗೆ ಅವು ಹಿಡಿಸದೆ ಓರೆಯಾಗಿ ಬೀಳುತ್ತವೆ, ಓದುವವರು ಕತ್ತು ಹೊರಳಿಸಬೇಕಾಗುತ್ತದೆ. ಪಟ್ಟಿಯ ಉದ್ದ ಸೊನ್ನೆಯಿಂದಲೇ ಆರಂಭವಾಗಬೇಕು. ನಡುವಿನಿಂದ ಕತ್ತರಿಸಿ ಸಣ್ಣ ವ್ಯತ್ಯಾಸವನ್ನು ಬೆಟ್ಟ ಮಾಡಿ ತೋರಿಸುವುದು ಸುಳ್ಳು ಹೇಳಿದಂತೆಯೇ. ಕೆಂಪು ಹಸಿರುಗಳ ಭೇದ ತಿಳಿಯದ ಗಂಡಸರು ನೂರರಲ್ಲಿ ಕೆಲವರಾದರೂ ಇರುತ್ತಾರಾದ್ದರಿಂದ ಬಣ್ಣವೊಂದನ್ನೇ ನಂಬಬಾರದು.

‘ಏಳು ಸಾಲು, ಸಾಲಿಗೆ ಏಳು ಶಬ್ದ’ ಎಂಬ ನಿಯಮವನ್ನು ತರಬೇತಿಗಳಲ್ಲಿ ಹೇಳುತ್ತಾರೆ. ಅದಕ್ಕೆ ಆಧಾರವೆಂದು ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರ 1956ರ ಪ್ರಬಂಧವನ್ನು ಹೆಸರಿಸುವುದುಂಟು. ಮಿಲ್ಲರ್ ಬರೆದುದು ಮನುಷ್ಯನ ತಕ್ಷಣದ ನೆನಪಿನ ಮಿತಿಯನ್ನು ಕುರಿತು. ಕಣ್ಣೆದುರಿಗೇ ಇರುವ ಪರದೆಯ ಸಾಲುಗಳನ್ನು ಕುರಿತು ಅಲ್ಲ. ಈ ನಿಯಮವನ್ನು ಅಕ್ಷರಶಃ ಪಾಲಿಸಿಯೂ ಏನೂ ಹೇಳದ ಸ್ಲೈಡು ಮಾಡಬಹುದು.

ಇನ್ನು ಓದಿ ಹೇಳುವ ರೋಗ. ಪರದೆಯ ಮೇಲಿರುವುದನ್ನೇ ಸಭೆಗೆ ಬೆನ್ನು ತಿರುಗಿಸಿ ಅಕ್ಷರ ಬಿಡದೆ ಓದುವವರನ್ನು ನಾವೆಲ್ಲರೂ ಕಂಡಿದ್ದೇವೆ. ಕೇಳುವವರ ಕಣ್ಣು ಆಗಲೇ ಕೊನೆಯ ಸಾಲಿಗೆ ಹೋಗಿರುತ್ತದೆ, ಕಿವಿ ಇನ್ನೂ ಎರಡನೆಯ ಸಾಲಿನಲ್ಲಿರುತ್ತದೆ; ಎರಡೂ ಒಂದರ ಕಾಲನ್ನು ಒಂದು ಎಳೆಯುತ್ತವೆ. ಕ್ಯಾಲಿಫೋರ್ನಿಯಾದ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ಇದನ್ನೇ ಸಮರ್ಥಿಸುತ್ತವೆ: ಚಿತ್ರದೊಂದಿಗೆ ಮಾತು ಕೇಳಿದವರು, ಚಿತ್ರದೊಂದಿಗೆ ಮಾತನ್ನೂ ಆ ಮಾತಿನ ಬರಹವನ್ನೂ ಒಟ್ಟಿಗೆ ಕಂಡವರಿಗಿಂತ ಚೆನ್ನಾಗಿ ಗ್ರಹಿಸುತ್ತಾರೆ. ಆದುದರಿಂದ ವಿವರವೆಲ್ಲ ಬಾಯಿಯಲ್ಲಿರಲಿ. ‘ಹಾಗಾದರೆ ಸಭೆಗೆ ಬಾರದವರಿಗೆ ಕಳಿಸುವುದೇನನ್ನು?’ ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಸ್ಲೈಡುಗಳು ಕಿಕ್ಕಿರಿಯಲು ಕಾರಣವೇ ಇದು: ಒಂದೇ ವಸ್ತು ಪರದೆಯೂ ಆಗಬೇಕು, ವರದಿಯೂ ಆಗಬೇಕು ಎಂಬ ಜಿಪುಣತನ. ವರದಿಯನ್ನು ವರದಿಯಾಗಿಯೇ ಎರಡು ಪುಟ ಬರೆದು ಕೈಗೆ ಕೊಡಬೇಕು. ಅಮೆಜಾನ್ ಕಂಪನಿಯಲ್ಲಿ 2004ರಲ್ಲಿ ಜೆಫ್ ಬೆಜೋಸ್ ಅವರು ಹಿರಿಯ ಅಧಿಕಾರಿಗಳ ಸಭೆಗಳಿಂದ ಪವರ್‌ಪಾಯಿಂಟನ್ನು ಹೊರಗಿಟ್ಟು, ಪೂರ್ಣವಾಕ್ಯಗಳಲ್ಲಿ ಬರೆದ ಟಿಪ್ಪಣಿಯನ್ನು ತರುವಂತೆ ಮಾಡಿದರು. ಸಭೆಯ ಆರಂಭದಲ್ಲಿ ಎಲ್ಲರೂ ಮೌನವಾಗಿ ಕುಳಿತು ಅದನ್ನು ಓದುವ ಪದ್ಧತಿ ಬಂದಿತು. ನಮ್ಮ ಸಭೆಗಳಲ್ಲಿ ಅಷ್ಟು ಮೌನ ಸಾಧ್ಯವೇ ಎಂಬುದು ಬೇರೆ ಮಾತು.

ಕನ್ನಡದಲ್ಲಿ ಸ್ಲೈಡು ಮಾಡುವವರು ಇನ್ನೂ ಕೆಲವನ್ನು ಗಮನಿಸಬೇಕು. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಕೆಲವು ಅಕ್ಷರಗಳ ಬಾಲ ಮಾತ್ರ ಇಳಿಯುತ್ತದೆ; ನಮ್ಮಲ್ಲಿ ಒತ್ತಕ್ಷರಗಳೆಲ್ಲ ಕೆಳಗೇ ಕೂಡುತ್ತವೆ, ಮೇಲೆ ಗುಡಿಸು ಏಳುತ್ತದೆ. ಇಂಗ್ಲಿಷಿಗೆಂದು ಇಟ್ಟ ಸಾಲಿನ ಅಂತರದಲ್ಲಿ ಒಂದು ಸಾಲಿನ ಒತ್ತು ಮುಂದಿನ ಸಾಲಿನ ತಲೆಗೆ ತಾಗುತ್ತದೆ. ಅಂತರವನ್ನು ಒಂದೂಕಾಲು ಪಟ್ಟಾದರೂ ಮಾಡಿರಿ. ಅಕ್ಷರದ ಗಾತ್ರ 28ಕ್ಕಿಂತ ಕಡಿಮೆಯಾದರೆ ಹಿಂದಿನ ಸಾಲಿನವರಿಗೆ ಒತ್ತುಗಳು ಕಲಸಿದಂತೆ ಕಾಣುತ್ತವೆ. ಓರೆ ಅಕ್ಷರಗಳು ಕನ್ನಡಕ್ಕೆ ಒಗ್ಗುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಅಕ್ಷರಶೈಲಿಯದು. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಿವೃತ್ತಿಗೆ ಕೆಲವು ವರ್ಷ ಮೊದಲು, ಒಂದು ದೊಡ್ಡ ಸಭೆಯಲ್ಲಿ ಮಾತನಾಡಲು ಹಿಂದಿನ ರಾತ್ರಿಯೆಲ್ಲ ಕುಳಿತು ಕನ್ನಡದಲ್ಲಿ ಸ್ಲೈಡುಗಳನ್ನು ಸಿದ್ಧಪಡಿಸಿ ಪೆನ್‌ಡ್ರೈವಿನಲ್ಲಿ ಒಯ್ದೆ. ಅಲ್ಲಿಯ ಗಣಕದಲ್ಲಿ ತೆರೆದಾಗ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು! ಸಭೆ ನಕ್ಕಿತು, ನಾನೂ ನಗುವವನಂತೆ ನಟಿಸಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಕನ್ನಡ, ಗಣಕದ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿಯೇ ಉಳಿದಿರುತ್ತದೆ. ಆ ಶೈಲಿ ಇಲ್ಲದ ಯಂತ್ರದಲ್ಲಿ ಮುಖವಾಡ ಕಳಚುತ್ತದೆ. ಯುನಿಕೋಡ್‌ನಲ್ಲಿ ಬರೆದರೆ ಈ ಭಯವಿಲ್ಲ. ನುಡಿ, ಬರಹಗಳಲ್ಲಿಯೂ ಯುನಿಕೋಡ್ ಸೌಲಭ್ಯವಿದೆ. ಆದರೂ ಶೈಲಿ ಬದಲಾದರೆ ಸಾಲುಗಳು ಜರುಗಬಹುದಾದ್ದರಿಂದ, ಜೊತೆಗೊಂದು ಪಿಡಿಎಫ್ ಪ್ರತಿ ಇರಲಿ.

ಪರೀಕ್ಷೆಯೂ ಸುಲಭ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಎಂಟು ಹೆಜ್ಜೆ ಹಿಂದೆ ಸರಿದು ಓದಿರಿ. ನನ್ನ ಅತ್ತಿಗೆಯವರು ಅಂದು ರಾತ್ರಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕನ್ನಡಕವಿಲ್ಲದೆ, ಮೊದಲ ಸ್ಲೈಡನ್ನು ಗಟ್ಟಿಯಾಗಿ ಓದಿದರು. ಓದಿ, “ಹಂಗಾರ ಕೂಲರ್ ಯಾಕ ಹಾಕ್ಸಿಲ್ಲ ಇನ್ನಾ?” ಎಂದರು. ಮಗಳು ನನ್ನ ಮುಖ ನೋಡಿ ನಕ್ಕಳು.

ಒಂದು ಸಣ್ಣ ಉಪಾಯವನ್ನೂ ಹೇಳಿಕೊಟ್ಟೆ. ಸ್ಲೈಡು ತೋರಿಸುತ್ತಿರುವಾಗ ಕೀಲಿಮಣೆಯ ‘ಬಿ’ ಒತ್ತಿದರೆ ಪರದೆ ಕಪ್ಪಾಗುತ್ತದೆ. ಮತ್ತೆ ಒತ್ತಿದರೆ ಮರಳುತ್ತದೆ. ಒಡೆದ ಹಾಲಿನ ಕ್ಯಾನಿನ ಮುಂದೆ ನಿಂತ ಹೆಣ್ಣುಮಗಳ ಮಾತನ್ನು ಹೇಳುವಾಗ ಪರದೆ ಕಪ್ಪಾಗಿರಲಿ, ಜನ ನಿನ್ನ ಮುಖ ನೋಡಲಿ ಎಂದೆ.

ಸೋಮವಾರ ಮಧ್ಯಾಹ್ನ ಫೋನು ಬಂದಿತು. ಐದು ಸ್ಲೈಡುಗಳಲ್ಲಿ ಎರಡನ್ನಷ್ಟೇ ತೋರಿಸಿದ್ದಳಂತೆ.

“ಯಾಕವ್ವಾ?”

“ಎರಡನೇದು ತೋರಿಸೋದ್ರಾಗ ಅಧ್ಯಕ್ಷರು, ‘ಖರ್ಚು ಎಷ್ಟಾಗತದ, ಕರೆಂಟ್ ಹೋದ್ರ ಏನು ಮಾಡ್ತೀರಿ?’ ಅಂತ ಕೇಳಿದ್ರು ಕಾಕಾ. ಖರ್ಚು ನಾಲ್ಕನೇ ಸ್ಲೈಡಿನಾಗ ಇತ್ತು, ಹುಡುಕಿ ತೆಗೆಯೋದ್ರಾಗ ಗಾಬರಿ ಆತು. ಜನರೇಟರ್ ವಿಷಯ ಎಲ್ಲೂ ಹಾಕಿದ್ದಿಲ್ಲ. ಬಾಯಿಲೇ ಹೇಳಿದೆ.”

ಅದು ನನ್ನದೇ ತಪ್ಪು. ಕೇಳುವವರು ಹಣ ಮಂಜೂರು ಮಾಡುವವರೆಂಬುದನ್ನು ಮರೆತು, ಖರ್ಚನ್ನು ಹಿಂದಕ್ಕೆ ಸರಿಸಲು ಹೇಳಿದವನು ನಾನೇ. ಕೂಲರಿನ ಅಂದಾಜು ಪಟ್ಟಿಯನ್ನು ಜನರೇಟರ್ ಸಹಿತವಾಗಿ ಮುಂದಿನ ಸಭೆಗೆ ತರಲು ಹೇಳಿದ್ದಾರೆ. ಈ ಸಲ ಮೊದಲ ಸ್ಲೈಡಿನಲ್ಲಿ ಹಾಲಿನ ಮಾತಿನ ಪಕ್ಕದಲ್ಲಿಯೇ ರೂಪಾಯಿಯ ಅಂಕಿಯೂ ಇರುತ್ತದೆ.